ರಸಾಯನಶಾಸ್ತ್ರಕ್ಕೆ ಐದು ಸಾವಿರ ರೂಪಾಯಿ

ಅರ್ಜಿಯ ಹದಿನಾಲ್ಕನೆಯ ಕಾಲಂ ಖಾಲಿ ಇತ್ತು. ‘ವ್ಯಾಸಂಗದ ನಂತರ ನಿರೀಕ್ಷಿತ ಮಾಸಿಕ ಆದಾಯ, ಮತ್ತು ಅದಕ್ಕೆ ಆಧಾರ’ ಎಂದು ಅಲ್ಲಿ ಅಚ್ಚಾಗಿತ್ತು. ಉಳಿದ ಕಾಲಂಗಳನ್ನೆಲ್ಲ ದುಂಡನೆಯ ಅಕ್ಷರಗಳಲ್ಲಿ ತುಂಬಿದ್ದ ಅರ್ಜಿದಾರಳು ಇದೊಂದರ ಎದುರಿಗೆ ಪೆನ್ಸಿಲಿನಿಂದ ಸಣ್ಣದೊಂದು ಗೆರೆ ಎಳೆದು ಬಿಟ್ಟಿದ್ದಳು.

ಅದು 1978ರ ಮಳೆಗಾಲ. ನಾನಾಗ ಮುಂಡರಗಿಯ ಬ್ಯಾಂಕ್ ಶಾಖೆಯೊಂದರಲ್ಲಿ ಫೀಲ್ಡ್ ಆಫೀಸರ್. ಊರೂರು ತಿರುಗಿ ಸಾಲದ ಅರ್ಜಿಗಳನ್ನು ಪರಿಶೀಲಿಸಿ ವರದಿ ಬರೆಯುವುದು ನನ್ನ ಕೆಲಸ. ಎಮ್ಮೆಯ ಸಾಲಕ್ಕೆ ಲೆಕ್ಕ ಹಾಕಲು ಬರುತ್ತಿತ್ತು: ದಿನಕ್ಕೆ ಎಷ್ಟು ಲೀಟರ್, ಎಷ್ಟು ತಿಂಗಳು ಹಾಲು ಕೊಡುತ್ತದೆ, ಬತ್ತಿದ ಮೇಲೆ ಮೇವಿಗೆ ಎಷ್ಟು. ಹಮ್ಮಿಗಿಯ ಹೊಳೆದಂಡೆಯ ಪಂಪ್‌ಸೆಟ್ಟಿಗೂ, ಡಂಬಳದ ಹೊಲಿಗೆ ಯಂತ್ರಕ್ಕೂ ಅಂಥದೇ ಲೆಕ್ಕಗಳಿದ್ದವು. ಆದರೆ ರಸಾಯನಶಾಸ್ತ್ರ ಓದಿದವರು ತಿಂಗಳಿಗೆ ಎಷ್ಟು ದುಡಿಯುತ್ತಾರೆ ಎಂಬುದು ನಮ್ಮ ಶಾಖೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಓದಿಗಾಗಿ ಸಾಲ ಕೇಳಿ ಬಂದ ಮೊದಲ ಅರ್ಜಿ ಅದು.

ಹುಡುಗಿಯ ತಂದೆ ಪಿಂಜಾರರು. ಪೇಟೆಯ ಹಿಂದಿನ ಓಣಿಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿದು ಕೊಡುತ್ತಿದ್ದರು. ಮಗಳು ಗದಗಿನ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ದರ್ಜೆಯಲ್ಲಿ ಮುಗಿಸಿದ್ದಳು. ಧಾರವಾಡದಲ್ಲಿ ಎಂ.ಎಸ್ಸಿ. ರಸಾಯನಶಾಸ್ತ್ರಕ್ಕೆ ಸೀಟು ಸಿಕ್ಕಿತ್ತು. ಫೀ, ಹಾಸ್ಟೆಲು, ಪುಸ್ತಕ ಸೇರಿ ಎರಡು ವರ್ಷಕ್ಕೆ ಐದು ಸಾವಿರ ಬೇಕು. ಬಡ್ಡಿ ಹಾಕಿ ನೋಡಿದರೆ, ಓದು ಮುಗಿದು ಆರು ತಿಂಗಳಾದ ಮೇಲೆ ತಿಂಗಳಿಗೆ ನೂರಾ ಎಂಬತ್ತರಂತೆ ಮೂವತ್ತಾರು ಕಂತು ಕಟ್ಟಬೇಕಾಗುತ್ತಿತ್ತು. ಫೀ ಕಟ್ಟಲು ಮುಂದಿನ ಸೋಮವಾರವೇ ಕೊನೆಯ ದಿನ. ಅಂದರೆ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಬ್ಯಾಂಕು ಮುಚ್ಚುವುದರೊಳಗೆ ಡ್ರಾಫ್ಟ್ ಅವಳ ಕೈಸೇರಬೇಕು. ಅರ್ಜಿ ನನ್ನ ಮೇಜಿಗೆ ಬಂದದ್ದು ಆ ವಾರದ ಸೋಮವಾರ.

ಮ್ಯಾನೇಜರು ನಿವೃತ್ತಿಗೆ ಹತ್ತಿರವಾಗಿದ್ದ, ಕಟ್ಟುನಿಟ್ಟಿನ ಮನುಷ್ಯ. ಅರ್ಜಿ ಓದಿ ನನ್ನ ಕಡೆಗೆ ಸರಿಸಿದರು. “ಹದಿನಾಲ್ಕನೇ ಕಾಲಂ ತುಂಬಿಸಿಕೊಂಡು ಬರ್ರಿ. ಅಂದಾಜು ಬ್ಯಾಡ, ಕೇಳಿದ್ದು ಬ್ಯಾಡ, ನೋಡಿದ್ದು ಬರೀರಿ,” ಎಂದರು. ಮುಂದಿನದನ್ನು ಬಾಯಿಬಿಟ್ಟು ಹೇಳಲಿಲ್ಲ, ನನಗೇ ಗೊತ್ತಿತ್ತು. ಹಿರೇವಡ್ಡಟ್ಟಿಯವನೊಬ್ಬನ ಸೋಡಾ ಯಂತ್ರದ ಸಾಲಕ್ಕೆ ಹಿಂದಿನ ವರ್ಷ ನಾನು ಶಿಫಾರಸು ಮಾಡಿದ್ದೆ. ಅವನು ಯಂತ್ರದ ಸಮೇತ ಊರು ಬಿಟ್ಟಿದ್ದ. ಆ ಕುರಿತ ಮೆಮೊ ನನ್ನ ಸೇವಾ ಪುಸ್ತಕದಲ್ಲಿ ಕೂತಿತ್ತು. ಇನ್ನೊಂದು ಸೇರಿದರೆ ಬಡ್ತಿಯ ಮಾತೇ ಇರಲಿಲ್ಲ.

ಮಂಗಳವಾರ ಗದಗಿಗೆ ಹೋದೆ. ಎಣ್ಣೆ ಗಿರಣಿಯೊಂದರಲ್ಲಿ ಬಿ.ಎಸ್ಸಿ. ಮಾಡಿದ ಕೆಮಿಸ್ಟ್ ಇದ್ದಾನೆಂದು ಕೇಳಿದ್ದೆ. ಶೇಂಗಾ ಹೊಟ್ಟಿನ ರಾಶಿಯನ್ನು ಬಳಸಿಕೊಂಡು ಹೋದರೆ, ಒಂದು ಸಣ್ಣ ಖೋಲಿಯಲ್ಲಿ ಆತ ಬ್ಯೂರೆಟ್ಟಿನ ಗಾಜಿನ ಕೊಳವೆಯ ಎದುರು ನಿಂತಿದ್ದ. ಎಣ್ಣೆಯಲ್ಲಿ ಎಷ್ಟು ಆಮ್ಲವಿದೆ ಎಂದು ಪರೀಕ್ಷಿಸುವುದು ಅವನ ದಿನದ ಕೆಲಸ. ಕ್ಷಾರದ ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತ, ಗುಲಾಬಿ ಬಣ್ಣ ಬಂದು ನಿಂತ ಕ್ಷಣಕ್ಕೆ ನಲ್ಲಿ ತಿರುಗಿಸಿ, ಅಂಕಿ ಬರೆದುಕೊಂಡ. ಸಂಬಳ ಇನ್ನೂರಾ ಎಪ್ಪತ್ತೈದು. ಅದೂ ಗಿರಣಿ ನಡೆಯುವ ಏಳು ತಿಂಗಳು ಮಾತ್ರ.

“ನನ್ನ ಲೆಕ್ಕ ಮುಗಿಯೂದರಾಗ ಮಾಲಕರು ಬೆರಳಿಗೆ ಹಚ್ಚಿ ಮೂಸಿ ನೋಡಿ ರೇಟು ಹೇಳಿಬಿಟ್ಟಿರ್ತಾರ್ರಿ,” ಎಂದ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಅಂದೇ ಬೆಟಗೇರಿಯಲ್ಲಿ ಔಷಧ ಕಂಪನಿಯ ಪ್ರತಿನಿಧಿಯೊಬ್ಬನನ್ನು ಹಿಡಿದೆ. ಅವನೂ ರಸಾಯನಶಾಸ್ತ್ರದ ಪದವೀಧರ. ಭತ್ಯೆ ಸೇರಿ ಆರುನೂರರ ಮೇಲೆ ಬರುತ್ತಿತ್ತು. ನನಗೆ ಜೀವ ಬಂದಂತಾಯಿತು. ಆದರೆ ಬ್ಯಾಗು ಹೊತ್ತು ಊರೂರು ತಿರುಗುವ ಆ ಕೆಲಸಕ್ಕೆ ಹೆಣ್ಣುಮಕ್ಕಳನ್ನು ತೆಗೆದುಕೊಂಡದ್ದನ್ನು ತಾನು ಕಂಡಿಲ್ಲವೆಂದ.

ಬುಧವಾರ ಶಿರಹಟ್ಟಿ. ಖಾಸಗಿ ಹೈಸ್ಕೂಲಿನ ವಿಜ್ಞಾನದ ಮಾಸ್ತರರು ಹೊರಗೆ ಚಹಾದಂಗಡಿಗೆ ಕರೆದುಕೊಂಡು ಹೋಗಿ, ಸುತ್ತ ನೋಡಿ, ಸಣ್ಣ ದನಿಯಲ್ಲಿ ಹೇಳಿದರು: ಪೂರ್ತಿ ಸಂಬಳಕ್ಕೆ ಸಹಿ ಮಾಡುತ್ತೇನೆ, ಕೈಗೆ ಬರುವುದು ಅರ್ಧ, ನೌಕರಿ ಕಾಯಂ ಆಗುವವರೆಗೆ ಹೀಗೇ. ಅಲ್ಲಿಂದ ಲಕ್ಷ್ಮೇಶ್ವರಕ್ಕೆ ಹೋದೆ. ಆ ಊರಿನಲ್ಲಿ ಎಂ.ಎಸ್ಸಿ. ಮಾಡಿದವನೆಂದು ನನಗೆ ಸಿಕ್ಕವನು ಒಬ್ಬನೇ. ತಂದೆಯ ಅರಿವೆ ಅಂಗಡಿಯಲ್ಲಿ ಗಜಕಡ್ಡಿ ಹಿಡಿದು ಕೂತಿದ್ದ. ಪದವಿಯಿಂದ ಏನು ಬರುತ್ತದೆ ಎಂದು ಕೇಳಿದೆ. ಮದುವೆ ಪತ್ರಿಕೆಯಲ್ಲಿ ಹೆಸರಿನ ಮುಂದೆ ಎರಡಕ್ಷರ ಬಂದವು ಎಂದು ನಕ್ಕ.

ಬುಧವಾರ ಸಂಜೆ ಬಸ್ಸಿನಲ್ಲಿ ಕೂತು ಕಾಗದದ ಮೇಲೆ ಬರೆದುಕೊಂಡೆ. ಆಧಾರ ನಾಲ್ವರು. ಹುಡುಗಿಗೆ ಸಾಧ್ಯವಿದ್ದ ಕೆಲಸಗಳಲ್ಲಿ ಇನ್ನೂರಾ ಎಪ್ಪತ್ತೈದರ ಮೇಲೆ ಯಾವುದೂ ಇಲ್ಲ. ಅದರಲ್ಲಿ ನೂರಾ ಎಂಬತ್ತು ಕಂತಿಗೆ ಹೋದರೆ ಉಳಿಯುವುದು ತೊಂಬತ್ತೈದು. ಎಮ್ಮೆಯಾಗಿದ್ದರೆ ಆ ಸಾಲವನ್ನು ಅಲ್ಲಿಯೇ ತಿರಸ್ಕರಿಸುತ್ತಿದ್ದೆ.

ಗುರುವಾರ ಬೆಳಿಗ್ಗೆ ಬ್ಯಾಂಕಿಗೆ ಹೊರಟವನನ್ನು ಬಸ್‌ಸ್ಟ್ಯಾಂಡಿನ ಹತ್ತಿರ ಹುಡುಗಿಯ ತಂದೆ ನಿಲ್ಲಿಸಿದರು. ಗಡ್ಡದಲ್ಲಿ ಹತ್ತಿಯ ಎಳೆಗಳು ಸಿಕ್ಕಿಕೊಂಡಿದ್ದವು. ಕೆಲಸದಿಂದ ಎದ್ದು ನೇರವಾಗಿ ಬಂದಿದ್ದರು. ಅರ್ಜಿ ಎಲ್ಲಿಗೆ ಬಂತೆಂದು ಕೇಳುತ್ತಾರೆ ಅಂದುಕೊಂಡೆ. ಅವರು ನನ್ನನ್ನು ಗೋಡೆಯ ಮರೆಗೆ ಕರೆದರು.

“ಸಾಹೇಬ್ರ, ಅಕಿಗೆ ಒಲ್ಲೆ ಅನ್ನಾಕ ನನ್ನ ಕೈಲೆ ಆಗವಲ್ದು. ಆದ್ರ ಅಷ್ಟು ಸಾಲ ಮೈಮ್ಯಾಲ ಹಾಕ್ಕೊಂಡು ಅಕಿ ಮುಂದ ಹೆಂಗ ಮಾಡ್ತಾಳ? ಎಲ್ಲಿಗೆ ಹೋಗ್ತಾಳ? ನೀವ ಒಲ್ಲೆ ಅಂದುಬಿಡ್ರಿ. ಬ್ಯಾಂಕಿನವರು ಒಲ್ಲೆ ಅಂದ್ರ ಅಕಿ ನನ್ನ ಮ್ಯಾಲ ಸಿಟ್ಟಾಗಂಗಿಲ್ಲ.”

ನನ್ನ ಕೈಚೀಲದಲ್ಲಿದ್ದ ಕಾಗದವೂ ಅದನ್ನೇ ಹೇಳುತ್ತಿತ್ತು. ಮ್ಯಾನೇಜರಿಗೂ ಅದೇ ಬೇಕು, ತಂದೆಗೂ ಅದೇ ಬೇಕು, ನನ್ನ ಸೇವಾ ಪುಸ್ತಕಕ್ಕೂ ಅದೇ ಒಳ್ಳೆಯದು. ಎರಡು ಸಾಲು ಬರೆದು ಸಹಿ ಹಾಕಿದರೆ ಮುಗಿಯುತ್ತಿತ್ತು. ಬ್ಯಾಂಕಿಗೆ ಬಂದು ಪೆನ್ನು ತೆಗೆದೆ. ‘ಆದಾಯ ಸಾಲದು’ ಎಂದು ಬರೆದೆ. ಆಧಾರ ಎಂಬಲ್ಲಿ ನಾಲ್ವರನ್ನು ನಮೂದಿಸಿದೆ. ಸಹಿ ಹಾಕಲು ಕೈ ಬರಲಿಲ್ಲ. ಎಮ್ಮೆಯ ಸಾಲವನ್ನು ಬೇಡವೆನ್ನುವಾಗ ನಾವು ರೈತನನ್ನು ಎದುರಿಗೆ ಕೂಡಿಸಿಕೊಂಡು ಹೇಳುತ್ತೇವೆ. ಈ ಹುಡುಗಿಯ ಮುಖವನ್ನೇ ನಾನು ನೋಡಿರಲಿಲ್ಲ.

ಸಂಜೆ ಐದರ ಹೊತ್ತಿಗೆ ಅವರ ಮನೆಗೆ ಹೋದೆ. ತಂದೆ ನನ್ನನ್ನು ಕಂಡು ಬೆಚ್ಚಿದರು. ಬೆಳಗಿನ ಮಾತನ್ನು ಆಡಿಬಿಡುತ್ತೇನೆಂಬ ಭಯ. ಆಡಲಿಲ್ಲ. ಕಾಗದ ಬಿಚ್ಚಿ, ಎಲ್ಲಿ ಹೋದೆ, ಯಾರನ್ನು ಕಂಡೆ, ಅವರಿಗೆ ಎಷ್ಟು ಬರುತ್ತದೆ ಎಂದು ಒಂದೊಂದಾಗಿ ಓದಿದೆ. ಹುಡುಗಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳಿದಳು. ಮಧ್ಯೆ ಒಂದೇ ಪ್ರಶ್ನೆ ಹಾಕಿದಳು: ಗಿರಣಿಯ ಕೆಮಿಸ್ಟ್ ಕ್ಷಾರದ ದ್ರಾವಣವನ್ನು ದಿನವೂ ಹೊಸದಾಗಿ ಮಾಡಿಕೊಳ್ಳುತ್ತಾನೋ, ಹಳೆಯದನ್ನೇ ಬಳಸುತ್ತಾನೋ? ನನಗೆ ಗೊತ್ತಿರಲಿಲ್ಲ. ಹಳೆಯದಾದರೆ ಅಂಕಿ ತಪ್ಪುತ್ತದೆ ಎಂದಳು. ಮುಂದೆ ಓದಲು ಕೈಸನ್ನೆ ಮಾಡಿದಳು.

ಓದಿ ಮುಗಿಸಿದಾಗ ಕಾಗದ ಕೇಳಿ ಈಸಿಕೊಂಡು ಸ್ವತಃ ನೋಡಿದಳು.

“ಸರ್, ನೀವು ಇಲ್ಲೇ ಉಳದವರನ್ನ ಅಷ್ಟ ಕೇಳೀರಿ. ಹೋದವರನ್ನ ಕೇಳಿಲ್ಲ,” ಎಂದಳು.

ಯಾರು ಹೋದವರು ಎಂದೆ. ಅವಳು ನಿಧಾನವಾಗಿ ಬಿಡಿಸಿ ಹೇಳಿದಳು: ನಮ್ಮ ಕಡೆ ರಸಾಯನಶಾಸ್ತ್ರ ಓದಿದವರಿಗೆ ಕೆಲಸವಿಲ್ಲ. ಆದ್ದರಿಂದ ಒಳ್ಳೆಯ ಸಂಬಳ ಸಿಕ್ಕವರೆಲ್ಲ ಊರು ಬಿಟ್ಟಿರಬೇಕು. ಗದಗು, ಶಿರಹಟ್ಟಿ, ಲಕ್ಷ್ಮೇಶ್ವರದಲ್ಲಿ ಹುಡುಕಿದರೆ ಸಿಗುವವರು ಹೋಗಲಾಗದವರು, ಇಲ್ಲವೆ ಹೋಗದವರು. ಅವರ ಸಂಬಳವನ್ನು ಪದವಿಯ ಬೆಲೆ ಎಂದರೆ ಹೇಗೆ?

ಇಷ್ಟು ವರ್ಷ ಲೆಕ್ಕ ಮಾಡಿದವನಿಗೆ ಅದು ಹೊಳೆದಿರಲಿಲ್ಲ. ನಾನು ತಂದೆಯ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಮಗಳ ಮಾತಿನ ಇನ್ನೊಂದು ಅರ್ಧ ಅವರಿಗೆ ನನಗಿಂತ ಮೊದಲು ತಿಳಿದಿತ್ತು. ಲೆಕ್ಕ ಸರಿಹೋಗಬೇಕಾದರೆ ಅವಳೂ ಹೋಗಬೇಕು.

ಶುಕ್ರವಾರ ಮತ್ತೆ ಗದಗು. ಅವಳ ಕಾಲೇಜಿನ ರಸಾಯನಶಾಸ್ತ್ರದ ಮುಖ್ಯಸ್ಥರು ಪ್ರಯೋಗಶಾಲೆಯಲ್ಲಿದ್ದರು. ಮಧ್ಯಾಹ್ನದ ತನಕ ತರಗತಿ ಇದೆ, ಕಾಯಬೇಕು ಎಂದರು. ಗ್ಯಾಸಿನ ವಾಸನೆಯ ಆ ಕಾರಿಡಾರಿನಲ್ಲಿ ಎರಡೂವರೆ ತಾಸು ಕಾದೆ. ಕೊನೆಗೆ ಬಂದು ಕಪಾಟು ತೆಗೆದರು. ಹಳೆಯ ವಿದ್ಯಾರ್ಥಿಗಳ ಪತ್ರಗಳನ್ನು ಒಂದು ದಾರದಲ್ಲಿ ಕಟ್ಟಿಟ್ಟಿದ್ದರು. ಎಲ್ಲ ಪತ್ರಗಳಲ್ಲೂ ಸಂಬಳ ಇರಲಿಲ್ಲ. ಯೋಗಕ್ಷೇಮ, ಹಬ್ಬದ ಶುಭಾಶಯ, ಪ್ರಮಾಣಪತ್ರ ಕಳಿಸಿ ಎಂಬ ಬೇಡಿಕೆ. ಇಬ್ಬರೂ ಕೂತು ಒಂದೊಂದನ್ನು ಬಿಡಿಸಿ ಓದಿದೆವು. ಐದರಲ್ಲಿ ಅಂಕಿ ಸಿಕ್ಕಿತು. ಸಕ್ಕರೆ ಕಾರ್ಖಾನೆ, ಬಣ್ಣದ ಕಾರ್ಖಾನೆ, ಎರಡು ಕಾಲೇಜುಗಳು, ಮುಂಬೈ ಕಡೆಯ ಒಂದು ಔಷಧ ಕಾರ್ಖಾನೆ. ಎಲ್ಲವೂ ಐದುನೂರೈವತ್ತರ ಮೇಲೆ. ಕೊನೆಯ ಪತ್ರ ಬರೆದವಳು ಹೆಣ್ಣುಮಗಳು. ಆರುನೂರಾ ಐವತ್ತು ಸಂಬಳ, ದುಡಿಯುವ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾಸ. ಆ ಪತ್ರವನ್ನು ಕೊಡಿರೆಂದು ಕೇಳಿದೆ. ಮುಖ್ಯಸ್ಥರು ಅನುಮಾನಿಸಿದರು. ಮರಳಿಸುತ್ತೇನೆಂದು ಚೀಟಿ ಬರೆದುಕೊಟ್ಟ ಮೇಲೆ ಕೊಟ್ಟರು.

ಶನಿವಾರ ಒಂಬತ್ತೂವರೆಗೆ ಮ್ಯಾನೇಜರ ಮೇಜಿನ ಮೇಲೆ ಹೊಸದಾಗಿ ಬರೆದ ವರದಿ ಇಟ್ಟೆ. ಹದಿನಾಲ್ಕನೆಯ ಕಾಲಮ್ಮಿನಲ್ಲಿ ಒಂದು ಅಂಕಿಯ ಬದಲು ಎರಡು ಬರೆದಿದ್ದೆ. ‘ಈ ಭಾಗದಲ್ಲೇ ಉಳಿದರೆ ಇನ್ನೂರಾ ಎಪ್ಪತ್ತೈದು, ಸಾಲ ತೀರುವುದಿಲ್ಲ. ಹೊರಗೆ ಹೋದರೆ ಐದುನೂರೈವತ್ತು, ತೀರುತ್ತದೆ.’

ಅವರು ಕನ್ನಡಕ ತೆಗೆದಿಟ್ಟರು. “ಅಕಿ ಹೋಗ್ತಾಳೋ ಇಲ್ಲೋ ಅನ್ನೂದು ಅವರ ಮನೀ ಮಾತು. ಮನೀ ಮಾತಿನ ಮ್ಯಾಲ ಬ್ಯಾಂಕು ಸಾಲ ಕೊಡಬೇಕೇನ್ರಿ?”

ಈ ಸಾಲಕ್ಕೆ ಆ ಮಾತಲ್ಲದೆ ಬೇರೆ ಭದ್ರತೆಯೇ ಇಲ್ಲ ಎಂದೆ. ಅವರು ವರದಿಯನ್ನು ಇನ್ನೊಮ್ಮೆ ಓದಿದರು. ಆಮೇಲೆ ತಂದೆಯನ್ನು ಕರೆಸಲು ಜವಾನನನ್ನು ಕಳಿಸಿದರು.

ತಂದೆ ಬಂದಾಗ ಹನ್ನೊಂದು ದಾಟಿತ್ತು. ಮಗಳೂ ಜೊತೆಗೆ ಬಂದು ಹೊರಗಿನ ಬೆಂಚಿನ ಮೇಲೆ ಕೂತಳು. ಮ್ಯಾನೇಜರು ಸುತ್ತುಬಳಸದೆ ಕೇಳಿದರು: ಓದಿದ ಮೇಲೆ ಮುಂಬೈಯೋ ಪುಣೆಯೋ ಎಲ್ಲಿ ಕೆಲಸ ಸಿಕ್ಕರೂ ಕಳಿಸುತ್ತೀರಾ? ಇಲ್ಲವೆಂದರೆ ಈಗಲೇ ಹೇಳಿ, ಯಾರ ತಪ್ಪೂ ಇಲ್ಲ.

ತಂದೆ ನನ್ನ ಕಡೆ ನೋಡಿದರು. ನಾನು ಹಾಸ್ಟೆಲಿನ ಆ ಪತ್ರವನ್ನು ಅವರ ಕೈಗೆ ಕೊಟ್ಟೆ. ತುಟಿಯಲ್ಲೇ ಅಕ್ಷರ ಕೂಡಿಸಿಕೊಂಡು ಓದಿದರು. ಒಂದು ಪುಟಕ್ಕೆ ಎಷ್ಟು ಹೊತ್ತು ತೆಗೆದುಕೊಂಡರೆಂದರೆ, ಹೊರಗೆ ಕ್ಯಾಷಿಯರ್ ನೋಟು ಕಟ್ಟಲು ಶುರುಮಾಡಿದ್ದ. ಪತ್ರವನ್ನು ಮಡಚಿ ಮೇಜಿನ ಮೇಲಿಟ್ಟರು.

“ಬರಕೊಳ್ರಿ. ಎಲ್ಲಿ ಕೆಲಸ ಸಿಕ್ರೂ ನಾ ಅಡ್ಡ ಬರಂಗಿಲ್ಲ,” ಎಂದರು.

ಮ್ಯಾನೇಜರು ಅದನ್ನು ಅರ್ಜಿಯ ಬೆನ್ನಿಗೆ ಬರೆಸಿ ಸಹಿ ಹಾಕಿಸಿಕೊಂಡರು. ಕಾನೂನಿನಲ್ಲಿ ಅದಕ್ಕೆ ಕವಡೆ ಕಿಮ್ಮತ್ತೂ ಇರಲಿಲ್ಲ. ನಮ್ಮಿಬ್ಬರಿಗೂ ಅದು ಗೊತ್ತಿತ್ತು. ಮೊದಲ ವರ್ಷಕ್ಕೆ ಅರ್ಧ, ಪಾಸಾದರೆ ಉಳಿದರ್ಧ ಎಂದು ಮಂಜೂರು ಮಾಡಿದರು. ಡ್ರಾಫ್ಟಿನ ಮೇಲೆ ಎರಡನೆಯ ಸಹಿ ಬಿದ್ದಾಗ ಹನ್ನೆರಡು ಹೊಡೆದು ಹತ್ತು ನಿಮಿಷವಾಗಿತ್ತು.

ಅವಳು ಓದಿದಳು, ಪಾಸಾದಳು. ಕೆಲಸ ಮಾತ್ರ ಸಿಗಲಿಲ್ಲ.

1981ರ ಜನವರಿಯಲ್ಲಿ ಮೊದಲ ಕಂತು ಬರಬೇಕಿತ್ತು. ಬರಲಿಲ್ಲ. ಫೆಬ್ರುವರಿ, ಮಾರ್ಚ್ ಕೂಡ ಹೋದವು. ಹಳೆಯ ಮ್ಯಾನೇಜರು ನಿವೃತ್ತರಾಗಿದ್ದರು. ಹೊಸಬರು ವಸೂಲಿಯ ಪಟ್ಟಿ ಮಾಡಿ, ಶಿಫಾರಸು ಮಾಡಿದವರೇ ಹೋಗಿ ವಸೂಲು ಮಾಡಲಿ ಎಂದರು. ಆ ಓಣಿಗೆ ಮತ್ತೆ ಹೋದೆ.

ಹುಡುಗಿ ಒಂದು ಡಬ್ಬಿ ತಂದು ನನ್ನ ಮುಂದೆ ಇಟ್ಟಳು. ತುಂಬ ಅಂಚೆಯ ರಸೀದಿಗಳು. ಇಪ್ಪತ್ತಮೂರು ಕಡೆ ಅರ್ಜಿ ಹಾಕಿದ್ದಳು. ಎರಡು ಕಡೆಯಿಂದ ಸಂದರ್ಶನಕ್ಕೆ ಕರೆ ಬಂದಿತ್ತು. ಒಂದು ಕಡೆ ರಾತ್ರಿ ಪಾಳಿಗೆ ಗಂಡಸರೇ ಬೇಕೆಂದರು, ಇನ್ನೊಂದು ಕಡೆ ಅನುಭವ ಕೇಳಿದರು. ಸದ್ಯಕ್ಕೆ ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳಿ ಅರವತ್ತು ರೂಪಾಯಿ ದುಡಿಯುತ್ತಿದ್ದಳು.

ತಂದೆ ಇನ್ನೊಂದು ಸುದ್ದಿ ಹೇಳಿದರು. ಲಕ್ಷ್ಮೇಶ್ವರದ ಕಟ್ಟಿಗೆ ವ್ಯಾಪಾರದ ಮನೆತನವೊಂದು ಮಗಳನ್ನು ಕೇಳಿದೆ. ಒಳ್ಳೆಯ ಜನ. ಬ್ಯಾಂಕಿನ ಸಾಲವನ್ನೆಲ್ಲ ತಾವೇ ಮುಟ್ಟಿಸಿ ನಿಕಾಹ್ ಮಾಡಿಕೊಳ್ಳುತ್ತೇವೆ ಎಂದಿದ್ದಾರೆ. ಆದರೆ ಸೊಸೆ ನೌಕರಿಗೆ ಹೋಗುವುದು ಅವರ ಮನೆಯಲ್ಲಿ ಇಲ್ಲ. ಮುಂದಿನ ಶುಕ್ರವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕು.

ನಾನು ವಸೂಲಿಗೆ ಬಂದವನು. ನನ್ನ ಪಾಲಿಗೆ ಅದಕ್ಕಿಂತ ಒಳ್ಳೆಯ ಸುದ್ದಿ ಇರಲಿಲ್ಲ. ಒಂದೇ ಗಂಟಿನಲ್ಲಿ ಅಸಲು ಬಡ್ಡಿ ಎರಡೂ ಬಂದು, ಖಾತೆ ಮುಚ್ಚಿ, ನನ್ನ ಶಿಫಾರಸು ಸರಿಯಿತ್ತೆಂದು ಆಗುತ್ತಿತ್ತು.

ಹುಡುಗಿ ಡಬ್ಬಿಯ ಮುಚ್ಚಳ ಹಾಕಿ ಕೇಳಿದಳು: “ಸರ್, ನಿಮ್ಮ ಹದಿನಾಲ್ಕನೇ ಕಾಲಂನ್ಯಾಗ ಈ ರೊಕ್ಕ ಆದಾಯ ಅಂತ ಬರತೈತೇನ್ರಿ?”

ನಾನು ಚಹಾದ ಬಟ್ಟಲನ್ನು ಕೆಳಗಿಟ್ಟೆ. ನಮ್ಮ ನಿಯಮದಲ್ಲಿ ಒಂದು ದಾರಿ ಇತ್ತು: ತಕ್ಕ ಕಾರಣವಿದ್ದರೆ ಕಂತುಗಳನ್ನು ಆರು ತಿಂಗಳು ಮುಂದೂಡಬಹುದು. ಆದರೆ ಸ್ಥಳ ಪರಿಶೀಲಿಸಿದ ಅಧಿಕಾರಿ ಬರೆದುಕೊಡಬೇಕು. ಆಮೇಲೂ ಸಾಲ ಬಾರದಿದ್ದರೆ ಅವನೇ ಉತ್ತರ ಹೇಳಬೇಕು. ಹಾಗೊಂದು ದಾರಿಯಿದೆ ಎಂದಷ್ಟೇ ಹೇಳಿ ಎದ್ದೆ. ನಾನೇ ಬರೆದುಕೊಡುತ್ತೇನೆ ಎನ್ನುವ ಧೈರ್ಯ ಅಲ್ಲಿ ಬರಲಿಲ್ಲ.

ಮರುದಿನ ಬರೆದೆ. ‘ಉದ್ಯೋಗ ದೊರೆಯುವುದು ತಡವಾಗಿದೆ, ದೊರೆಯುವ ಸಂಭವವಿದೆ.’ ಎರಡನೆಯ ಮಾತಿಗೆ ನನ್ನ ಬಳಿ ಆಧಾರವಿರಲಿಲ್ಲ. ನೋಡಿದ್ದನ್ನೇ ಬರೆಯಬೇಕೆಂಬ ಹಳೆಯ ಮ್ಯಾನೇಜರ ಮಾತನ್ನು ಮೀರಿದ್ದು ಅದೊಂದೇ ಸಲ. ಹೊಸ ಮ್ಯಾನೇಜರು ಓದಿ, ಸೋಡಾ ಯಂತ್ರದ ಮೆಮೊವನ್ನು ನೆನಪಿಸಿ, ಸಹಿ ನಿಮ್ಮದು ಎಂದು ಒತ್ತಿ ಹೇಳಿ ಒಪ್ಪಿದರು.

ಲಕ್ಷ್ಮೇಶ್ವರದವರಿಗೆ ತಂದೆ ಏನು ಹೇಳಿದರೆಂಬುದು ಆ ಓಣಿಯ ಟೇಲರನೊಬ್ಬನಿಂದ ನನಗೆ ತಿಳಿಯಿತು. ‘ನಾ ಬ್ಯಾಂಕಿನಾಗ ಬರಕೊಟ್ಟೀನಿ, ಈಗ ತಪ್ಪಾಕ ಬರಂಗಿಲ್ಲ’ ಎಂದರಂತೆ. ಆ ಮನೆಯವರು ಮೂರು ತಿಂಗಳೊಳಗೆ ಬೇರೆ ಹೆಣ್ಣು ತಂದರು. ಓಣಿಯಲ್ಲಿ ಮಾತುಗಳು ಹುಟ್ಟಿದವು. ಗಾದಿ ಮಾಡಿಸಲು ಬರುವವರೂ ಕಡಿಮೆಯಾದರು ಎಂದು ಕೇಳಿದೆ. ಏಪ್ರಿಲ್, ಮೇ, ಜೂನ್. ಟಪಾಲು ಬಂದ ಕೂಡಲೇ ಅಂಚೆಯವನ ಮುಖ ನೋಡುವುದು ನನಗೆ ರೂಢಿಯಾಯಿತು. ಜುಲೈ ಮುಗಿಯುವಾಗ, ಬರೆದುಕೊಟ್ಟ ಅವಧಿಯಲ್ಲಿ ಎರಡೇ ತಿಂಗಳು ಉಳಿದಿದ್ದವು.

ಆಗಸ್ಟಿನಲ್ಲಿ ಪುಣೆಯ ಹತ್ತಿರದ ಔಷಧ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ಕೆಲಸ ಸಿಕ್ಕಿತು. ಸಂಬಳ ನಾಲ್ಕುನೂರಾ ಎಂಬತ್ತು. ನನ್ನ ಎರಡೂ ಅಂಕಿಗಳು ತಪ್ಪಾಗಿದ್ದವು. ಊಟ, ಹಾಸ್ಟೆಲು ಕಳೆದರೆ ನೂರಾ ಎಂಬತ್ತು ಉಳಿಯುವುದಿಲ್ಲ, ನೂರಾ ಇಪ್ಪತ್ತರಂತೆ ಕಟ್ಟುತ್ತೇನೆ ಎಂದು ಪತ್ರ ಬರೆದಳು. ಮತ್ತೊಂದು ಟಿಪ್ಪಣಿ, ಮತ್ತೊಂದು ಸಹಿ. ಮೊದಲ ಮನಿಆರ್ಡರ್ ಬಂದ ದಿನ ಹೊಸ ಮ್ಯಾನೇಜರು ಫೈಲನ್ನು ವಸೂಲಿಯ ಪಟ್ಟಿಯಿಂದ ತೆಗೆದು ನನ್ನ ಕೈಗಿತ್ತರು. ಮೂರು ವರ್ಷದ ಸಾಲ ತೀರಲು ಐದು ವರ್ಷ ಹಿಡಿಯಿತು. ತಡವಾದಷ್ಟೂ ಬಡ್ಡಿ ಬೆಳೆಯಿತು. ಅದನ್ನೂ ಕಟ್ಟಿದಳು.

ಆ ಹೊತ್ತಿಗೆ ನನಗೆ ಶಿರಹಟ್ಟಿಗೆ ವರ್ಗವಾಗಿತ್ತು. ಒಂದು ಮಧ್ಯಾಹ್ನ ಅವಳು ತಂದೆಯ ಜೊತೆ ಅಲ್ಲಿಗೇ ಬಂದಳು. ಮುಂಡರಗಿಯಲ್ಲಿ ಕೊನೆಯ ಕಂತು ಕಟ್ಟಿ ಬರುತ್ತಿದ್ದರು. ಕಣ್ಣಿಗೆ ಕನ್ನಡಕ ಬಂದಿತ್ತು, ಬೆರಳುಗಳ ಮೇಲೆ ಆಮ್ಲ ಬಿದ್ದ ಕಂದು ಕಲೆಗಳಿದ್ದವು. ತಂದೆ ಕುರ್ಚಿಯ ತುದಿಗೆ ಕೂತು, ಪುಣೆಗೆ ಎರಡು ಸಲ ಹೋಗಿ ಬಂದದ್ದನ್ನು, ಕಾರ್ಖಾನೆಯ ಗೇಟಿನಲ್ಲಿ ತಮ್ಮನ್ನು ತಡೆದದ್ದನ್ನು, ಮಗಳ ಹೆಸರು ಹೇಳಿದ ಕೂಡಲೇ ಕುರ್ಚಿ ಕೊಟ್ಟದ್ದನ್ನು ವಿವರವಾಗಿ ಹೇಳಿದರು.

ಎಷ್ಟೋ ವರ್ಷಗಳಿಂದ ಮನಸ್ಸಿನಲ್ಲಿದ್ದುದನ್ನು ನಾನು ಕೇಳಿದೆ. ಇಷ್ಟೆಲ್ಲ ಆದ ಮೇಲೆ ಲೆಕ್ಕಕ್ಕೆ ಲೆಕ್ಕ ಸರಿಹೋಯಿತೇನಮ್ಮಾ?

ಕೈಯಲ್ಲಿ ಒಂದು ರೂಪಾಯಿಯೂ ಉಳಿದಿಲ್ಲವೆಂದಳು. ಸಾಲ ಮಾಡದೆ ಇಲ್ಲೇ ಟ್ಯೂಷನ್ ಹೇಳಿಕೊಂಡಿದ್ದರೆ ಈ ಹೊತ್ತಿಗೆ ಸ್ವಲ್ಪವಾದರೂ ಕೂಡಿಡುತ್ತಿದ್ದೆ ಎಂದಳು. ಅದನ್ನು ದೂರಿನಂತೆ ಹೇಳಲಿಲ್ಲ.

“ಆದ್ರ ಸರ್,” ಎಂದಳು, “ನಮ್ಮ ವಿಭಾಗದಾಗ ಈಗ ನನ್ನ ಸಹಿ ಇಲ್ದ ಒಂದು ಬಾಟ್ಲಿ ಔಷಧ ಸೈತ ಗೇಟ್ ದಾಟಂಗಿಲ್ಲ.”

ತಂದೆ ಅದನ್ನು ಕೇಳಿ ತಲೆಯಾಡಿಸಿದರು, ಎದ್ದು ನಿಂತು ಟೋಪಿ ಸರಿಮಾಡಿಕೊಂಡರು.